‘ಈ ವರ್ಷ ಬೇಡ’ ಅನ್ನುತ್ತಾ ಅನ್ನುತ್ತಾ ಹತ್ತು ವರ್ಷ: ಮದುವೆ ಯಾಕೆ ತಡವಾಗುತ್ತಿದೆ?

ಈಚೆಗೆ ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಬರೆದು ಕೊಡಿ ಎಂದು ಹಲವರು ಕೇಳಿದರು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮದುವೆ ತಡವಾಗುವ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಈಗಿನವರಿಗೆ ಜವಾಬ್ದಾರಿ ಬೇಡ, ಅದಕ್ಕೇ ಮದುವೆ ಬೇಡ.’ ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. 30 ದಾಟಿ ಮದುವೆಯಾಗುವ ಎಷ್ಟೋ ಜನ ಅಷ್ಟರೊಳಗೆ ಓದಿನ ಸಾಲ ತೀರಿಸಿರುತ್ತಾರೆ, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ನೋಡಿಕೊಂಡಿರುತ್ತಾರೆ, ತಮ್ಮನನ್ನೋ ತಂಗಿಯನ್ನೋ ಓದಿಸಿರುತ್ತಾರೆ. ಇವರಿಗೆ ಜವಾಬ್ದಾರಿ ಬೇಡ ಅಂದರೆ ಹೇಗೆ ಒಪ್ಪುವುದು? ಮದುವೆಯೇ ಬೇಡ ಅನ್ನುವವರು ಇಲ್ಲವೆಂದಲ್ಲ, ಇದ್ದಾರೆ, ಕೆಲವು ದೇಶಗಳಲ್ಲಿ ಅವರ ಸಂಖ್ಯೆ ಜಾಸ್ತಿಯೂ ಆಗುತ್ತಿದೆ. ಆದರೆ ತಡವಾಗಿ ಆಗುವವರಲ್ಲಿ ಹೆಚ್ಚಿನವರಿಗೆ ಮದುವೆ ಬೇಕು. ಅದಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳ ಪಟ್ಟಿ ಉದ್ದವಾಗಿದೆ, ಅಷ್ಟೇ.

ಒಬ್ಬಳು ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹುಡುಗ ಅಂದುಕೊಂಡರೂ ಕಥೆ ಹೆಚ್ಚು ಬದಲಾಗುವುದಿಲ್ಲ. 22ಕ್ಕೆ ಡಿಗ್ರಿ ಮುಗಿಯಿತು. ಮನೆಯಲ್ಲಿ ಕೇಳುತ್ತಾರೆ. ‘ಈ ವರ್ಷ ಬೇಡಮ್ಮ, ಇನ್ನೊಂದು ಡಿಗ್ರಿ ಮಾಡ್ತೀನಿ’ ಅನ್ನುತ್ತಾಳೆ. 24ಕ್ಕೆ ಅದೂ ಮುಗಿಯಿತು. ಸಿಕ್ಕಿದ್ದು ಒಂದು ವರ್ಷದ ಕಾಂಟ್ರ್ಯಾಕ್ಟ್ ಕೆಲಸ. ‘ಮೊದಲು ಕೆಲಸ ಕಾಯಂ ಆಗಲಿ.’ 26ಕ್ಕೆ ಕಾಯಂ ಆಯಿತು, ಆದರೆ ಓದಿಗೆ ತೆಗೆದ ಸಾಲದ ಕಂತು ಇನ್ನೂ ಬಾಕಿ. ‘ಸಾಲ ಇಟ್ಟುಕೊಂಡು ಇನ್ನೊಬ್ಬರ ಮನೆಗೆ ಯಾಕೆ ಹೋಗಲಿ?’ 27ಕ್ಕೆ ಬೇರೆ ಊರಿಗೆ ವರ್ಗ. ಹೊಸ ಊರು, ಹೊಸ ಆಫೀಸು, ಗೊತ್ತಿರುವವರು ಯಾರೂ ಇಲ್ಲ. 29ಕ್ಕೆ ಒಬ್ಬನ ಪರಿಚಯವಾಯಿತು, ಹತ್ತಿರವಾದರು, ಎರಡು ವರ್ಷ ಆದಮೇಲೆ ಅವನಿಗೆ ದೂರದ ದೇಶದಲ್ಲಿ ಕೆಲಸ ಸಿಕ್ಕಿತು, ಇವಳಿಗೆ ತನ್ನ ಕೆಲಸ ಬಿಡಲು ಮನಸ್ಸಾಗಲಿಲ್ಲ, ಸಂಬಂಧ ಅಲ್ಲಿಗೆ ನಿಂತಿತು. ಮತ್ತೆ ಒಬ್ಬರನ್ನು ನಂಬಲು ಇನ್ನೊಂದಿಷ್ಟು ಕಾಲ ಬೇಕಾಯಿತು. 33ಕ್ಕೆ ಮದುವೆ.

ಇದರಲ್ಲಿ ಎಲ್ಲಿಯಾದರೂ ‘ನಾನು 33ಕ್ಕೇ ಮದುವೆಯಾಗುವುದು’ ಅಂತ ಅವಳು ತೀರ್ಮಾನ ಮಾಡಿದಳಾ? ಇಲ್ಲ. ಪ್ರತಿ ಸಲವೂ ಒಂದು ವರ್ಷ ಮುಂದೆ ಹಾಕಿದಳು, ಪ್ರತಿ ಸಲವೂ ಅದಕ್ಕೆ ಸರಿಯಾದ ಕಾರಣ ಇತ್ತು, ನೀವು ಅವಳ ಜಾಗದಲ್ಲಿದ್ದಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. ದೂರದಿಂದ ನೋಡುವವರಿಗೆ ಮಾತ್ರ ಇದು ‘ಮದುವೆ ಬೇಡ ಅಂತ ಹತ್ತು ವರ್ಷ ಕೂತಳು’ ಅನ್ನುವ ಹಾಗೆ ಕಾಣುತ್ತದೆ. ಈ ‘ಈ ವರ್ಷ ಬೇಡ’ಗಳು ಎಲ್ಲಿಂದ ಬರುತ್ತವೆ, ಯಾವುದು ಅವರ ಸ್ವಂತ ಇಷ್ಟ, ಯಾವುದು ಬೇರೆ ದಾರಿ ಇಲ್ಲದೆ ಹೇಳಿದ್ದು ಅನ್ನುವುದನ್ನೇ ಇವತ್ತು ನೋಡೋಣ.

ಮೊದಲು ಇತಿಹಾಸ. ಹಿಂದೆ ಎಲ್ಲರೂ ಚಿಕ್ಕ ವಯಸ್ಸಿಗೇ ಮದುವೆಯಾಗುತ್ತಿದ್ದರು, ಈಗ ಲೋಕ ತಲೆಕೆಳಗಾಯಿತು ಅಂತ ನಾವು ಅಂದುಕೊಂಡಿದ್ದೇವೆ. ಪ್ರಪಂಚದ ಬಹುಭಾಗಕ್ಕೆ ಇದು ನಿಜ. ಆದರೆ ಎಲ್ಲ ಕಡೆಗೂ ಅಲ್ಲ. ಜಾನ್ ಹಜ್ನಾಲ್ ಎಂಬ ಸಂಖ್ಯಾಶಾಸ್ತ್ರಜ್ಞ 1965ರಲ್ಲಿ ಒಂದು ಪ್ರಬಂಧ ಬರೆದರು. ಯೂರೋಪಿನ ನಕ್ಷೆಯ ಮೇಲೆ ರಷ್ಯಾದ ಈಗಿನ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಇಟಲಿಯ ಟ್ರಿಯೆಸ್ಟೆಯವರೆಗೆ ಒಂದು ಗೆರೆ ಎಳೆದು, ಅದರ ಪಶ್ಚಿಮಕ್ಕಿರುವ ಜನ ಶತಮಾನಗಳಿಂದ ತಡವಾಗಿಯೇ ಮದುವೆಯಾಗುತ್ತಿದ್ದರು ಎಂದು ತೋರಿಸಿದರು. ಇಂಗ್ಲೆಂಡಿನಲ್ಲಿ 1700ರ ಸುಮಾರಿಗೆ ಹೆಣ್ಣುಮಕ್ಕಳ ಮೊದಲ ಮದುವೆಯ ಸರಾಸರಿ ವಯಸ್ಸು ಸುಮಾರು 26! ಅವರಿಗೆ ಕಾರ್ಖಾನೆ ಇಲ್ಲ, ಕಾಲೇಜು ಇಲ್ಲ, ಆಫೀಸು ಇಲ್ಲ, ಆದರೂ 26. ಯಾಕೆ ಗೊತ್ತಾ? ಅಲ್ಲಿ ಮದುವೆಯಾದ ಜೋಡಿ ಬೇರೆ ಮನೆ ಹೂಡಬೇಕಿತ್ತು. ಅಪ್ಪನ ಮನೆಯ ಒಂದು ಕೋಣೆಯಲ್ಲಿ ಸಂಸಾರ ಶುರು ಮಾಡುವ ರೂಢಿ ಇರಲಿಲ್ಲ. ಹಾಗಾಗಿ ಹುಡುಗರೂ ಹುಡುಗಿಯರೂ ಹದಿಹರೆಯದಲ್ಲೇ ಬೇರೆಯವರ ಮನೆಯಲ್ಲಿ, ಹೊಲದಲ್ಲಿ ಆಳಾಗಿ ದುಡಿದು, ಕೂಲಿ ಕೂಡಿಟ್ಟು, ಒಂದು ಮನೆ ನಡೆಸುವಷ್ಟು ಕೈಗೆ ಬಂದ ಮೇಲೆ ಮದುವೆಯಾಗುತ್ತಿದ್ದರು. ಬೆಳೆ ಕೆಟ್ಟು ಕೂಲಿ ಕಡಿಮೆಯಾದರೆ ಮದುವೆಗಳು ಮುಂದಕ್ಕೆ ಹೋಗುತ್ತಿದ್ದವು. ನಮ್ಮ 33ರ ಹುಡುಗಿಯ ಲೆಕ್ಕಾಚಾರಕ್ಕೂ ಇದಕ್ಕೂ ಏನು ದೂರ ಹೇಳಿ.

ಇನ್ನೊಂದು ವಿಚಿತ್ರ ಇದೆ. ಅಮೆರಿಕದಲ್ಲಿ 1890ರಲ್ಲಿ ಗಂಡಸರು ಸರಿಸುಮಾರು 26ಕ್ಕೆ ಮದುವೆಯಾಗುತ್ತಿದ್ದರು. 1956ಕ್ಕೆ ಅದು 22.5ಕ್ಕೆ ಇಳಿಯಿತು, ಹೆಂಗಸರದ್ದು 20.1ಕ್ಕೆ. ಅಂದರೆ ವಯಸ್ಸು ಏರಲಿಲ್ಲ, ಇಳಿಯಿತು. ಎರಡನೇ ಮಹಾಯುದ್ಧ ಮುಗಿದಿತ್ತು, 20 ವರ್ಷದ ಹುಡುಗನಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಗುತ್ತಿತ್ತು, ಆ ಸಂಬಳದಲ್ಲಿ ಮನೆ ಕೊಳ್ಳಬಹುದಿತ್ತು. ಆಮೇಲೆ ಕಾಲ ಬದಲಾಯಿತು. 2023ಕ್ಕೆ ಅಲ್ಲಿ ಗಂಡಸರು 30.2, ಹೆಂಗಸರು 28.4. ಈಗಲೂ ಎಷ್ಟೋ ಜನ 1950ರ ದಶಕವನ್ನೇ ಸರಿಯಾದ ಅಳತೆ ಎಂದುಕೊಂಡು ಇವತ್ತಿನವರನ್ನು ಅಳೆಯುತ್ತಾರೆ. ಅದು ಹದಿನೈದು ಇಪ್ಪತ್ತು ವರ್ಷ ನಡೆದ ಒಂದು ಅಪರೂಪದ ಅನುಕೂಲ ಕಾಲ. ಹುಡುಗನ ಕೈಗೆ ಬೇಗ ದುಡ್ಡು ಬಂತು, ಬೇಗ ಮದುವೆಯಾದ. ಮದುವೆಯ ಮೇಲೆ ಅವನಿಗೆ ಇದ್ದ ಗೌರವ ಇವತ್ತಿನವನಿಗಿಂತ ಹೆಚ್ಚೇನೂ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಬದಲಾವಣೆಯ ತಿರುಳು ಇಲ್ಲೇ ಇದೆ.

ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆದರೆ ಮದುವೆಯಾಗದ ಎಳೆಯ ಹೆಣ್ಣುಮಕ್ಕಳಿಗೆ ಅದು ಕೈಗೆ ಸಿಗಲು ಇನ್ನೂ ಸುಮಾರು ಹತ್ತು ವರ್ಷ ಬೇಕಾಯಿತು. ಒಂದೊಂದು ರಾಜ್ಯ ಒಂದೊಂದು ವರ್ಷ ಕಾನೂನು ಸಡಿಲಿಸಿತು. 2002ರಲ್ಲಿ ಕ್ಲಾಡಿಯಾ ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಇದೇ ವ್ಯತ್ಯಾಸವನ್ನು ಹಿಡಿದು ನೋಡಿದರು. ಎಲ್ಲಿ ಮಾತ್ರೆ ಬೇಗ ಸಿಕ್ಕಿತೋ ಅಲ್ಲಿ ಓದಿದ ಹೆಣ್ಣುಮಕ್ಕಳ ಮದುವೆ ಬೇಗ ಮುಂದಕ್ಕೆ ಹೋಯಿತು, ಮೆಡಿಕಲ್, ಕಾನೂನು ಇಂಥ ಉದ್ದದ ಓದಿಗೆ ಸೇರುವವರ ಸಂಖ್ಯೆ ಏರಿತು. ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇದನ್ನು ಸ್ವಲ್ಪ ಬಿಡಿಸಿ ನೋಡಿ. ಡಾಕ್ಟರ್ ಆಗಲು ಎಂಟು ಹತ್ತು ವರ್ಷ ಬೇಕು. ನಡುವೆ ಯಾವಾಗ ಬೇಕಾದರೂ ಬಸಿರಾಗಬಹುದು ಅನ್ನುವ ಸ್ಥಿತಿಯಲ್ಲಿ ಯಾವ ಹುಡುಗಿ ಅಷ್ಟು ಉದ್ದದ ಓದಿಗೆ ಕೈಹಾಕುತ್ತಾಳೆ? ಯಾವ ಅಪ್ಪ ಫೀಸು ಕಟ್ಟುತ್ತಾನೆ? ಆ ಭಯ ಹೋದ ಮೇಲೆ ಅವಳು ಯೋಚನೆ ಮಾಡಿ ಹೆಜ್ಜೆ ಇಡಬಹುದಾಯಿತು. ಇನ್ನೂ ಒಂದು ಮಾತಿದೆ. ಒಬ್ಬಳೇ ತಡ ಮಾಡಿದರೆ ಅವಳಿಗೆ ‘ಒಳ್ಳೆಯ ಹುಡುಗರೆಲ್ಲ ಮದುವೆಯಾಗಿ ಹೋಗಿಬಿಡುತ್ತಾರೆ’ ಅನ್ನುವ ಆತಂಕ. ಅವಳ ಜೊತೆಯವರೆಲ್ಲ ತಡ ಮಾಡಿದರೆ ಹುಡುಗರೂ ಕಾಯುತ್ತಾರೆ, ಆತಂಕ ತಾನಾಗಿಯೇ ಕಡಿಮೆಯಾಗುತ್ತದೆ. ಮದುವೆಯ ವಯಸ್ಸು ಒಬ್ಬೊಬ್ಬರದಾಗಿ ಬದಲಾಗದೆ ಒಂದಿಡೀ ತಲೆಮಾರಿನದು ಒಟ್ಟಿಗೇ ಬದಲಾಗುವುದು ಇದಕ್ಕೇ.

ಆದರೆ ಓದು, ಕೆಲಸ ಸಿಕ್ಕ ಮಾತ್ರಕ್ಕೆ ಮದುವೆ ಇಷ್ಟು ಮುಂದೆ ಹೋಗಬೇಕಿಲ್ಲ. ಓದಿದ ಹೆಂಗಸರು ಮದುವೆಯಾಗುವುದೇ ಇಲ್ಲ ಎಂದು ಹೆದರಿಸುವವರಿದ್ದಾರೆ. ಅಮೆರಿಕದಲ್ಲಿ ನೋಡಿದರೆ ಅದು ಸುಳ್ಳು. ಅಲ್ಲಿ ಕಾಲೇಜು ಮುಗಿಸಿದ ಹೆಂಗಸರು ತಡವಾಗಿ ಆಗುತ್ತಾರೆ, ಆದರೆ ನಡುವಯಸ್ಸಿಗೆ ಬರುವ ಹೊತ್ತಿಗೆ ಮದುವೆಯಾಗಿರುವುದು ಅವರೇ ಜಾಸ್ತಿ, ಅವರ ಮದುವೆಗಳು ಮುರಿಯುವುದೂ ಕಡಿಮೆ. ಹಾಗಾದರೆ ಜಪಾನ್, ದಕ್ಷಿಣ ಕೊರಿಯಾದಲ್ಲಿ ಮಾತ್ರ ಯಾಕೆ ಓದಿದ ಹೆಣ್ಣುಮಕ್ಕಳು ಇಷ್ಟೊಂದು ಹಿಂಜರಿಯುತ್ತಾರೆ? ಮನೆಗೆಲಸದ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಜಪಾನಿನ 2016ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಕೆಲಸಕ್ಕೆ, ಅಂದರೆ ಅಡುಗೆ, ಸ್ವಚ್ಛತೆ, ಮಕ್ಕಳು ಮತ್ತು ಹಿರಿಯರ ಆರೈಕೆಗೆ, ಗಂಡಸರು ಕೊಡುವ ಸಮಯ ದಿನಕ್ಕೆ ಸರಾಸರಿ 41 ನಿಮಿಷ. ಹೆಂಗಸರು 224 ನಿಮಿಷ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬೆಳಗಿನಿಂದ ರಾತ್ರಿಯವರೆಗೆ ಆಫೀಸಿನಲ್ಲಿ ದುಡಿಯುವ ಹೆಂಗಸಿಗೆ ಮದುವೆ ಅಂದರೆ ಇನ್ನೊಂದು ಪಾಳಿಯ ಕೆಲಸ. ಮಗು ಆದರೆ ನೌಕರಿಯೇ ಕೈಬಿಟ್ಟು ಹೋಗಬಹುದು. ಅವಳು ‘ಇನ್ನೂ ಸ್ವಲ್ಪ ದಿನ ಹೀಗೇ ಇರ್ತೀನಿ’ ಅಂದರೆ ಅವಳನ್ನು ಸ್ವಾರ್ಥಿ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಕೊರಿಯಾದಲ್ಲಿ 1990ರಲ್ಲಿ ಮೊದಲ ಮದುವೆಯ ಸರಾಸರಿ ವಯಸ್ಸು ಹೆಂಗಸರಿಗೆ 24.8, ಗಂಡಸರಿಗೆ 27.8. 2023ಕ್ಕೆ ಹೆಂಗಸರದ್ದು 31.5, ಗಂಡಸರದ್ದು 34. ಒಂದೇ ಪೀಳಿಗೆಯಲ್ಲಿ ಆರೇಳು ವರ್ಷ! ಅಮ್ಮ 24ಕ್ಕೆ ಮದುವೆಯಾದವಳು, ಮಗಳಿಗೆ 31 ಆದರೂ ಆಗಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆಯದೆ ಇರುತ್ತದಾ? ಇಬ್ಬರೂ ತಮ್ಮ ತಮ್ಮ ಕಾಲದ ಲೆಕ್ಕದಲ್ಲಿ ಸರಿಯಾಗಿಯೇ ಇದ್ದಾರೆ.

ದುಡ್ಡಿನ ವಿಷಯ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತೇವಲ್ಲ, ಈಗ ಎಷ್ಟೋ ಕಡೆ ಈ ಎರಡೂ ಒಬ್ಬರ ತಲೆಯ ಮೇಲೇ, ಒಂದೇ ಹೊತ್ತಿಗೆ ಬೀಳುತ್ತಿವೆ. ಡಯಾನ್ ಸಿಂಗರ್‌ಮನ್ ಎಂಬ ವಿದ್ವಾಂಸೆ ಈಜಿಪ್ಟಿನಲ್ಲಿ ಮದುವೆಯ ಖರ್ಚನ್ನು ಅಧ್ಯಯನ ಮಾಡಿದರು. ವರ ಮತ್ತು ಅವನ ಅಪ್ಪ ಇಬ್ಬರೂ ತಮ್ಮ ಮೂರು ವರ್ಷಕ್ಕೂ ಹೆಚ್ಚಿನ ಸಂಪಾದನೆಯನ್ನು ಒಂದು ಪೈಸೆ ಮುಟ್ಟದೆ ಕೂಡಿಟ್ಟರೆ ಮಾತ್ರ ತಮ್ಮ ಪಾಲಿನ ಖರ್ಚು ಹೊಂದಿಸಬಹುದಿತ್ತು. ಕೆಲಸವೇ ಇಲ್ಲದ ಹುಡುಗ ಏನು ಮಾಡಬೇಕು? ಕಾಯಬೇಕು. ಓದು ಮುಗಿದಿದೆ, ವಯಸ್ಸಾಗುತ್ತಿದೆ, ಅಪ್ಪನ ಮನೆಯಲ್ಲೇ ಇದ್ದಾನೆ, ಯಾರೂ ಅವನನ್ನು ಪೂರ್ತಿ ದೊಡ್ಡವನು ಅಂತ ಎಣಿಸುವುದಿಲ್ಲ. ಇವನು ತಡವಾಗಿ ಮದುವೆಯಾಗುವುದನ್ನು ‘ಆರಿಸಿಕೊಂಡ’ ಅನ್ನುವುದು ತಪ್ಪು. ಅವನಿಗೆ ನಾಳೆಯೇ ಮದುವೆಯಾಗುವ ಆಸೆ ಇದೆ. ತಡವಾದ ಮದುವೆಗಳನ್ನೆಲ್ಲ ಒಂದೇ ರಾಶಿಗೆ ಹಾಕಿ, ಸ್ವಾತಂತ್ರ್ಯದ ಗುರುತು ಅಂತ ಹೊಗಳುವವರೂ ಇವನನ್ನು ಮರೆಯುತ್ತಾರೆ, ಬೇಜವಾಬ್ದಾರಿ ಅಂತ ಬೈಯುವವರೂ ಮರೆಯುತ್ತಾರೆ.

ಶ್ರೀಮಂತ ದೇಶಗಳಲ್ಲೂ ಇದೇ ಬೇರೆ ರೂಪದಲ್ಲಿದೆ. ಸಮಾಜಶಾಸ್ತ್ರಜ್ಞ ಆಂಡ್ರ್ಯೂ ಚೆರ್ಲಿನ್ 2004ರಲ್ಲಿ ಬರೆದ ಒಂದು ಲೇಖನದ ವಾದ ನನಗೆ ತುಂಬ ಹಿಡಿಸಿತು. ಅದರ ಸಾರ ಇಷ್ಟು: ಮೊದಲು ಮದುವೆ ದೊಡ್ಡವರ ಬದುಕಿಗೆ ಅಡಿಪಾಯವಾಗಿತ್ತು, ಈಗ ಅದು ಕಳಸವಾಗಿದೆ. ಮೊದಲು ಮದುವೆಯಾಗಿ, ಆಮೇಲೆ ಇಬ್ಬರೂ ಸೇರಿ ಒಂದೊಂದಾಗಿ ಕಟ್ಟುತ್ತಿದ್ದರು. ಈಗ ಎಲ್ಲ ಕಟ್ಟಿ ಮುಗಿಸಿ ಕೊನೆಗೆ ಕಳಸ ಇಡುತ್ತಾರೆ. ಕಡಿಮೆ ಸಂಬಳದವರಿಗೆ ಕಟ್ಟಡವೇ ಮೇಲೇಳುವುದಿಲ್ಲ, ಹಾಗಾಗಿ ಕಳಸದ ದಿನವೂ ಬರುವುದಿಲ್ಲ. ಅಮೆರಿಕದಲ್ಲಿ ಹೆಚ್ಚು ಓದದವರಲ್ಲಿ, ಕಡಿಮೆ ಸಂಪಾದನೆಯವರಲ್ಲಿ ಮದುವೆ ಇಳಿದಿರುವುದಕ್ಕೆ ಇದೊಂದು ಕಾರಣ. ಅವರು ಮದುವೆಯನ್ನು ಕೀಳಾಗಿ ನೋಡುತ್ತಿಲ್ಲ. ತುಂಬ ದೊಡ್ಡದಾಗಿ ನೋಡುತ್ತಾರೆ, ಅದಕ್ಕೆ ತಾವು ಇನ್ನೂ ತಯಾರಿಲ್ಲ ಅನ್ನಿಸುತ್ತದೆ.

ತಕ್ಕ ಸಂಗಾತಿಯನ್ನು ಹುಡುಕುವುದಕ್ಕೂ ಈಗ ಹೆಚ್ಚು ಕಾಲ ಬೇಕು. ಮೊಬೈಲು, ಆ್ಯಪ್ ಇವನ್ನೇ ದೂರುತ್ತೇವೆ, ಆದರೆ ವ್ಯಾಲರಿ ಓಪನ್‌ಹೈಮರ್ ಎಂಬ ಸಮಾಜಶಾಸ್ತ್ರಜ್ಞೆ 1988ರಲ್ಲೇ, ಯಾವ ಆ್ಯಪೂ ಇಲ್ಲದ ಕಾಲದಲ್ಲಿ, ಇದರ ಕಾರಣ ಬಿಡಿಸಿಟ್ಟಿದ್ದರು. ಅಪ್ಪನ ಕಸುಬನ್ನೇ ಮಗ ಮಾಡುವ ಕಾಲದಲ್ಲಿ 20 ವರ್ಷದ ಹುಡುಗ 40ಕ್ಕೆ ಏನಾಗಿರುತ್ತಾನೆ ಅಂತ ಹೇಳಬಹುದಿತ್ತು. ಈಗ 22ರ ಹುಡುಗನೋ ಹುಡುಗಿಯೋ 32ಕ್ಕೆ ಯಾವ ಊರಲ್ಲಿ ಇರುತ್ತಾರೆ, ಯಾವ ಕೆಲಸದಲ್ಲಿ ಇರುತ್ತಾರೆ, ಯಾವ ಥರದ ಮನುಷ್ಯರಾಗಿರುತ್ತಾರೆ, ಅವರಿಗೇ ಗೊತ್ತಿಲ್ಲ. ತನ್ನದೇ ಗೊತ್ತಿಲ್ಲದಿರುವಾಗ ಇನ್ನೊಬ್ಬರಿಗೆ ಏನಂತ ಮಾತು ಕೊಡುವುದು? ಹಾಗಾಗಿ ಇಬ್ಬರೂ ಒಂದು ನೆಲೆಗೆ ಬರುವವರೆಗೆ ಕಾಯುತ್ತಾರೆ. ಜೊತೆಗೆ ಆಯಸ್ಸೂ ಹೆಚ್ಚಿದೆ. 1950ರಲ್ಲಿ ಪ್ರಪಂಚದ ಸರಾಸರಿ ಆಯಸ್ಸು ಸುಮಾರು 46, ಈಗ ಸುಮಾರು 73. 25ಕ್ಕೆ ಕೈಹಿಡಿದವರ ಜೊತೆ 50 ವರ್ಷ ಬಾಳಬೇಕು. ಸ್ವಲ್ಪ ನಿಧಾನವಾಗಿ ನೋಡಿ ಆರಿಸೋಣ ಅನ್ನಿಸುವುದು ಸಹಜ ಅಲ್ವಾ?

ಮದುವೆಯಾಗದೆ ಒಟ್ಟಿಗಿರುವವರ ಬಗ್ಗೆ ಒಂದೆರಡು ಮಾತು. ಸ್ವೀಡನ್ನಿನಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಹುಟ್ಟುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಅಪ್ಪ ಅಮ್ಮ ಇನ್ನೂ ಮದುವೆಯಾಗಿರುವುದಿಲ್ಲ, ಮಕ್ಕಳಾದ ಮೇಲೆ ಎಷ್ಟೋ ಜನ ಮದುವೆಯಾಗುತ್ತಾರೆ. ಅಲ್ಲಿ ಮದುವೆ ತಡವಾದರೆ ಸಂಸಾರ ತಡವಾಯಿತು ಅಂತ ಅರ್ಥವಲ್ಲ. ಜಪಾನಿನಲ್ಲಿ ಹಾಗಿಲ್ಲ, ಮದುವೆಯ ಹೊರಗೆ ಹುಟ್ಟುವ ಮಕ್ಕಳು ನೂರಕ್ಕೆ ಎರಡರಷ್ಟು ಮಾತ್ರ. ಅಲ್ಲಿ ಮದುವೆ ಮುಂದಕ್ಕೆ ಹೋದರೆ ಮಗುವೂ ಮುಂದಕ್ಕೆ ಹೋಗುತ್ತದೆ, ಕೊರಿಯಾದಲ್ಲೂ ಹಾಗೆಯೇ. 2023ರಲ್ಲಿ ಕೊರಿಯಾದ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು ಅನ್ನುವ ಲೆಕ್ಕಕ್ಕೆ ಇಳಿದದ್ದರಲ್ಲಿ ಇದರ ಪಾಲು ದೊಡ್ಡದು.

ಸಂಖ್ಯೆಗಳನ್ನು ಓದುವಾಗ ಒಂದು ಎಚ್ಚರ. ಚೀನಾದಲ್ಲಿ 2013ರಲ್ಲಿ ಸುಮಾರು 1.35 ಕೋಟಿ ಮದುವೆಗಳು ನೋಂದಣಿಯಾದವು, 2024ರಲ್ಲಿ ಸುಮಾರು 61 ಲಕ್ಷ. ಅರ್ಧಕ್ಕಿಂತ ಕಡಿಮೆ. ಇದನ್ನು ಓದಿದವರು ‘ಚೀನಾದ ಯುವಕರು ಮದುವೆ ಬಿಟ್ಟೇಬಿಟ್ಟರು’ ಅಂದರು. ಅವರಲ್ಲಿ ಹಿಂಜರಿಕೆ ಇರುವುದು ನಿಜ. ಆದರೆ ದಶಕಗಳ ಕಾಲ ಒಂದೇ ಮಗುವಿನ ನೀತಿ ಇದ್ದ ದೇಶದಲ್ಲಿ ಮದುವೆಯ ವಯಸ್ಸಿನವರೇ ಕಡಿಮೆಯಾಗಿದ್ದಾರೆ. ಎರಡೂ ಸೇರಿ ಈ ಇಳಿತ.

ಇನ್ನು, ತಡ ಅಂದಕೂಡಲೇ ನಮ್ಮ ಕಣ್ಣಿಗೆ 35 ಬರುತ್ತದೆ. ಪ್ರಪಂಚದ ಎಷ್ಟೋ ಹುಡುಗಿಯರಿಗೆ ತಡ ಅಂದರೆ 15ರ ಬದಲು 19. ಯುನಿಸೆಫ್ ಲೆಕ್ಕದಲ್ಲಿ ಈಗಲೂ ಐವರಲ್ಲಿ ಒಬ್ಬಳ ಮದುವೆ 18 ತುಂಬುವ ಮೊದಲೇ ಆಗುತ್ತಿದೆ. ಮೊದಲು ಇದು ನಾಲ್ವರಲ್ಲಿ ಒಬ್ಬಳಾಗಿತ್ತು. ಇಂಗ್ಲೆಂಡಿನಂಥ ಕಡೆಯೂ ಅಪ್ಪ ಅಮ್ಮ ಒಪ್ಪಿದರೆ 16ಕ್ಕೆ ಮದುವೆ ಮಾಡಬಹುದಿತ್ತು, 2023ರ ಫೆಬ್ರವರಿಯಿಂದ ಅದು ನಿಂತಿತು. ಈ ತಡದ ಬಗ್ಗೆ ನನಗೆ ಎರಡು ಮಾತಿಲ್ಲ. 15ರ ಹುಡುಗಿ ಇನ್ನೂ ನಾಲ್ಕು ವರ್ಷ ಶಾಲೆಯಲ್ಲಿದ್ದರೆ ಅವಳಿಗೂ ಒಳ್ಳೆಯದು, ಮುಂದೆ ಅವಳಿಗೆ ಹುಟ್ಟುವ ಮಗುವಿಗೂ ಒಳ್ಳೆಯದು.

ಈಗ ಸ್ವಲ್ಪ ಕಷ್ಟದ ಮಾತು. ದೇಹ ನಮ್ಮ ಪಟ್ಟಿ ಮುಗಿಯಲಿ ಅಂತ ಕಾಯುವುದಿಲ್ಲ. ಆರೋಗ್ಯವಾಗಿರುವ 30ರ ಹೆಂಗಸಿಗೆ ಒಂದು ತಿಂಗಳಲ್ಲಿ ಬಸಿರಾಗುವ ಸಾಧ್ಯತೆ ಸುಮಾರು ಶೇ. 20. 40ಕ್ಕೆ ಅದು ಶೇ. 5ಕ್ಕಿಂತ ಕಡಿಮೆ. 35 ದಾಟಿದ ಮೇಲೆ ಇಳಿತ ಜೋರಾಗುತ್ತದೆ. ಐವಿಎಫ್, ಅಂದರೆ ದೇಹದ ಹೊರಗೆ ಅಂಡ ವೀರ್ಯ ಕೂಡಿಸಿ ಗರ್ಭಕ್ಕಿಡುವ ಚಿಕಿತ್ಸೆ, ಇದೆಯಲ್ಲ ಅನ್ನುತ್ತಾರೆ. 1978ರಲ್ಲಿ ಮೊದಲ ಮಗು ಹುಟ್ಟಿದ ಮೇಲೆ ಅದು ಲಕ್ಷಾಂತರ ಮನೆಗಳಲ್ಲಿ ಮಗುವಿನ ಅಳು ಕೇಳಿಸಿದೆ, ನಿಜ. ಆದರೆ ಸ್ವಂತ ಅಂಡದಿಂದ ಮಾಡಿದ ಐವಿಎಫ್‌ಗೂ ವಯಸ್ಸು ಲೆಕ್ಕಕ್ಕೆ ಬರುತ್ತದೆ. ಮುಂದೆ ಬೇಕಾದೀತು ಅಂತ ಅಂಡ ತೆಗೆಸಿ ಹೆಪ್ಪುಗಟ್ಟಿಸಿ ಇಟ್ಟರೂ ಅದನ್ನು ತೆಗೆದಾಗ ವಯಸ್ಸು ಎಷ್ಟಿತ್ತು ಅನ್ನುವುದೇ ಮುಖ್ಯ. ಗಂಡಸರು ಇದನ್ನು ಕೇಳಿ ಸುಮ್ನೆ ಕೂರುವ ಹಾಗಿಲ್ಲ. 40 ದಾಟಿದ ಗಂಡಸಿನ ವೀರ್ಯದ ಗುಣಮಟ್ಟವೂ ಇಳಿಯುತ್ತದೆ, ಅವನ ಸಂಗಾತಿಗೆ ತಾನಾಗಿ ಗರ್ಭಪಾತವಾಗುವ ಸಾಧ್ಯತೆ ಏರುತ್ತದೆ.

ಇದನ್ನು ಯಾರನ್ನೂ ಹೆದರಿಸಲು ಹೇಳುತ್ತಿಲ್ಲ. ಮನೆಯವರು ಇದೇ ವಿಷಯವನ್ನು ಮದುವೆಯ ಊಟದಲ್ಲೋ ನಾಮಕರಣದಲ್ಲೋ ನಾಲ್ಕು ಜನರ ಎದುರು ಚುಚ್ಚಿ ಹೇಳುತ್ತಾರೆ. ಆಗ ಅದು ಮಾಹಿತಿಯಾಗಿ ಕಿವಿಗೆ ಬೀಳುವುದಿಲ್ಲ, ಅವಮಾನವಾಗಿ ಬೀಳುತ್ತದೆ, ಮಗಳು ಆ ವಿಷಯದ ಬಾಗಿಲನ್ನೇ ಮುಚ್ಚಿಬಿಡುತ್ತಾಳೆ. ಮಗು ಬೇಕು ಅನ್ನುವವರು 28, 30ಕ್ಕೇ ಒಬ್ಬ ವೈದ್ಯರ ಹತ್ತಿರ ಕೂತು ಕೇಳಿ ತಿಳಿದುಕೊಳ್ಳಲಿ. ಮಗು ಬೇಡ ಅನ್ನುವವರಿಗೆ ಈ ಗಡಿಯಾರ ತೋರಿಸಿ ಪ್ರಯೋಜನವಿಲ್ಲ.

ಇಲ್ಲಿಂದ ಮುಂದಿನದು ಸಭಿಕರ ಪ್ರಶ್ನೆಗಳು.

ತಡವಾಗಿ ಆದ ಮದುವೆ ಜಾಸ್ತಿ ಬಾಳಿಕೆ ಬರುತ್ತದಾ?

ಹದಿಹರೆಯದಲ್ಲಿ ಆದ ಮದುವೆಗಳು ಮುರಿಯುವುದು ಹೆಚ್ಚು, ಇದರಲ್ಲಿ ಅನುಮಾನವಿಲ್ಲ. ಇಪ್ಪತ್ತೈದರ ಆಸುಪಾಸಿನವರೆಗೆ ಪ್ರತಿ ವರ್ಷ ಕಾದದ್ದೂ ಲಾಭವೇ. ಆಮೇಲೆ ಆ ಲಾಭ ಕಡಿಮೆಯಾಗುತ್ತದೆ. 2015ರಲ್ಲಿ ನಿಕೊಲಸ್ ವುಲ್ಫಿಂಗರ್ ಎಂಬ ಸಂಶೋಧಕ ಅಮೆರಿಕದ ಅಂಕಿಅಂಶ ಇಟ್ಟುಕೊಂಡು, 32ರ ಆಚೆಗೆ ವಿಚ್ಛೇದನದ ಸಾಧ್ಯತೆ ಮತ್ತೆ ಏರುತ್ತದೆ ಅಂದರು. ಬೇರೆ ಅಂಕಿಅಂಶ ನೋಡಿದವರು ಇದನ್ನು ಒಪ್ಪಲಿಲ್ಲ. 26ಕ್ಕೆ ಆದರೇನು, 34ಕ್ಕೆ ಆದರೇನು, ಮದುವೆ ಉಳಿಯುವುದನ್ನು ವಯಸ್ಸೊಂದೇ ತೀರ್ಮಾನಿಸುವುದಿಲ್ಲ ಅನ್ನುವುದು ನನ್ನ ತಿಳಿವಳಿಕೆ. ಇನ್ನೊಂದು, 30ರ ಹೊತ್ತಿಗೆ ನಮ್ಮ ದಿನಚರಿ, ಖರ್ಚಿನ ರೀತಿ, ಮಲಗುವ ಏಳುವ ಹೊತ್ತು ಎಲ್ಲ ಗಟ್ಟಿಯಾಗಿರುತ್ತದೆ. ಇನ್ನೊಬ್ಬರಿಗೆ ಜಾಗ ಮಾಡಿಕೊಡಲು ಮೊದಮೊದಲು ಕಷ್ಟ. ಅದನ್ನು ‘ಹೊಂದಾಣಿಕೆ ಇಲ್ಲ’ ಅಂತ ಅವಸರದಲ್ಲಿ ತೀರ್ಮಾನ ಮಾಡಬೇಡಿ.

ನನ್ನ ಮಗಳಿಗೆ 31. ಕೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾಳೆ. ಕೇಳದೆ ಇರಲೂ ಆಗುವುದಿಲ್ಲ. ಏನು ಮಾಡಲಿ?

ಅಮ್ಮ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ‘ಯಾವಾಗ ಮದುವೆ’ ಅಂತ ಕೇಳಿದರೆ ಅವಳ ಹತ್ತಿರ ಉತ್ತರ ಇಲ್ಲ, ಯಾಕೆಂದರೆ ಅದು ಅವಳೊಬ್ಬಳ ಕೈಯಲ್ಲಿಲ್ಲ. ‘ಈಗ ನಿನಗೆ ಅಡ್ಡ ಇರುವುದು ಏನು’ ಅಂತ ಕೇಳಿ. ಸಾಲ ಇರಬಹುದು. ಕೆಲಸದ ಭಯ ಇರಬಹುದು. ಮುರಿದ ಸಂಬಂಧದ ನೋವು ಇರಬಹುದು, ಅದನ್ನು ನಿಮಗೆ ಹೇಳಿಯೇ ಇಲ್ಲದಿರಬಹುದು. ನಿಮ್ಮನ್ನು ಒಬ್ಬರೇ ಬಿಟ್ಟು ಹೋಗುವುದು ಹೇಗೆ ಅನ್ನುವ ಚಿಂತೆಯೂ ಇರಬಹುದು. ಮದುವೆಯೇ ಬೇಡ ಅನ್ನಿಸಿರಲೂಬಹುದು, ಹಾಗಿದ್ದರೆ ಅದನ್ನೂ ಹೇಳುವ ಧೈರ್ಯ ಅವಳಿಗೆ ನಿಮ್ಮಿಂದಲೇ ಬರಬೇಕು.

50, 60ರಲ್ಲಿ ಮದುವೆಯಾಗುವವರ ಬಗ್ಗೆ ನೀವು ಏನೂ ಹೇಳಲಿಲ್ಲ.

ಈ ಪ್ರಶ್ನೆ ಕೇಳಿದ್ದು ಒಬ್ಬ ಹಿರಿಯರು. ಒಳ್ಳೆಯದಾಯಿತು, ಯಾಕೆಂದರೆ ಈ ವಿಷಯದಲ್ಲಿ ಮಾತಾಡುವವರು ಕಡಿಮೆ. ಇವರಲ್ಲಿ ಹಲವು ಥರದವರಿದ್ದಾರೆ. ಸಂಗಾತಿಯನ್ನು ಕಳೆದುಕೊಂಡವರು. ನಡುವಯಸ್ಸು ದಾಟಿದ ಮೇಲೆ ವಿಚ್ಛೇದನ ಆದವರು. ಅಮೆರಿಕದಲ್ಲಿ 50 ದಾಟಿದವರ ವಿಚ್ಛೇದನದ ಪ್ರಮಾಣ 1990ರಿಂದ 2010ರ ಒಳಗೆ ಎರಡು ಪಟ್ಟಾಯಿತು. ಮೊದಲ ಸಲವೇ ಈ ವಯಸ್ಸಿನಲ್ಲಿ ಆಗುವವರೂ ಇದ್ದಾರೆ. ಕಾನೂನೇ ತಡ ಮಾಡಿದ್ದರಿಂದ ತಡವಾಗಿ ಆದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್ 2001ರಲ್ಲಿ, ಅಮೆರಿಕ ದೇಶದಾದ್ಯಂತ 2015ರಲ್ಲಿ ಸಲಿಂಗ ಮದುವೆಗೆ ದಾರಿ ಮಾಡಿಕೊಟ್ಟಾಗ ದಶಕಗಳಿಂದ ಒಟ್ಟಿಗಿದ್ದ ಜೋಡಿಗಳು ತಲೆ ನೆರೆತ ಮೇಲೆ ಹೋಗಿ ನೋಂದಣಿ ಮಾಡಿಸಿದರು.

ಈ ವಯಸ್ಸಿನಲ್ಲಿ ಮಗು, ಮನೆ, ಮನೆತನ ಯಾವುದರ ಒತ್ತಾಯವೂ ಇಲ್ಲ. ಆದರೂ ಸುಮ್ನೆ ಒಟ್ಟಿಗಿರದೆ ಮದುವೆ ಯಾಕೆ? ಒಂದು ಆಸ್ಪತ್ರೆಯ ಫಾರಂ ಸಾಕು ಇದನ್ನು ತಿಳಿಯಲು. ಆಪರೇಷನ್‌ಗೆ ಒಪ್ಪಿಗೆಯ ಸಹಿ ಹಾಕುವ ಜಾಗದಲ್ಲಿ ‘ರೋಗಿಗೆ ಏನಾಗಬೇಕು’ ಅಂತ ಕೇಳುತ್ತಾರೆ. ಆರು ವರ್ಷ ಜೊತೆಗಿದ್ದು ಮಾತ್ರೆ ಎಣಿಸಿ ಕೊಟ್ಟವರು ಅಲ್ಲಿ ಏನೆಂದು ಬರೆಯಬೇಕು? ಸ್ನೇಹಿತರು ಅಂತ ಬರೆದರೆ ‘ಮನೆಯವರನ್ನು ಕರೆಸಿ’ ಅನ್ನುತ್ತಾರೆ. ದೂರದ ಊರಿನಿಂದ ಮಗನೋ ಅಣ್ಣನ ಮಗನೋ ಬರುವವರೆಗೆ ಕಾಯಬೇಕು.

ಇವರ ಮದುವೆಗೆ ಅಡ್ಡ ಬರುವುದು ಹೆಚ್ಚಾಗಿ ಮಕ್ಕಳು, ಅದರಲ್ಲೂ ಆಸ್ತಿಯ ಚಿಂತೆ. ಮಕ್ಕಳನ್ನು ಕೆಟ್ಟವರು ಅನ್ನಬೇಕಿಲ್ಲ, ಅಮ್ಮ ಇದ್ದ ಮನೆಗೆ ಇನ್ನೊಬ್ಬರು ಬರುವುದು ಯಾರಿಗೂ ಸುಲಭವಲ್ಲ. ಇನ್ನೊಂದು ಅಡ್ಡಿ ಪಿಂಚಣಿ. ಕೆಲವು ದೇಶಗಳಲ್ಲಿ ಮತ್ತೆ ಮದುವೆಯಾದರೆ ತೀರಿಕೊಂಡ ಗಂಡ ಅಥವಾ ಹೆಂಡತಿಯ ಹೆಸರಲ್ಲಿ ಬರುವ ಪಿಂಚಣಿ ನಿಲ್ಲುತ್ತದೆ. ಅಮೆರಿಕದ ಸರ್ಕಾರಿ ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಯ ನಿಯಮ ಹೇಗಿದೆ ಅಂದರೆ, ಸಾಮಾನ್ಯವಾಗಿ 60 ತುಂಬುವ ಮೊದಲು ಮತ್ತೆ ಮದುವೆಯಾದವರಿಗೆ ಆ ಹಣ ಸಿಗುವುದಿಲ್ಲ, 60 ಆದಮೇಲೆ ಆದರೆ ತೊಂದರೆಯಿಲ್ಲ. 58ರಲ್ಲಿ ಮನಸ್ಸು ಕೂಡಿದವರು ಎರಡು ವರ್ಷ ಕಾಯುತ್ತಾರೆ. ಅವರೂ ಹೇಳುವುದು ‘ಈ ವರ್ಷ ಬೇಡ’ ಅಂತಲೇ.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಮದುವೆಗೆ ಮೊದಲು ಇಬ್ಬರೂ ವಿಲ್ ಬರೆಸಿ, ಮನೆ ಯಾರ ಹೆಸರಿಗೆ ಹೋಗಬೇಕು ಅನ್ನುವುದನ್ನು ಬರಹದಲ್ಲಿ ಇಡಿ. ಒಬ್ಬರು ಮೊದಲು ಹೋದರೆ ಉಳಿದವರು ಅದೇ ಮನೆಯಲ್ಲಿ ಎಷ್ಟು ಕಾಲ ಇರಬಹುದು ಅನ್ನುವುದನ್ನೂ ಅದರಲ್ಲೇ ಸೇರಿಸಿ. ಪಿಂಚಣಿಯ ನಿಯಮವನ್ನು ಆಫೀಸಿಗೇ ಹೋಗಿ ಕೇಳಿ. ಆಮೇಲೆ ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಆ ಕಾಗದ ಓದಿ ಹೇಳಿ. ಒಪ್ಪಿಗೆ ಕೇಳಬೇಕಾಗಿಲ್ಲ, ತಿಳಿಸಿದರೆ ಸಾಕು.